ಗಾಳಿ ನಿಲ್ಲದ ಚಕ್ರ

ವ್ಯಾನಿನ ಹಿಂದಿನ ಎಡಚಕ್ರ ಮತ್ತೆ ನೆಲಕ್ಕೆ ಕೂತಿತ್ತು.

ನಿಜಗುಣ ಅದನ್ನು ಕಾಲಿನಿಂದ ಒದ್ದ. ಬೆಳಿಗ್ಗೆ ತಾನೇ ಪಂಪು ತುಳಿದು ಗಾಳಿ ತುಂಬಿದ್ದ. ಊಟದ ಹೊತ್ತಿಗೆ ಟೈರು ಚಪ್ಪಟೆ.

ಹೊಳೆದಂಡೆಯ ಆ ಆಶ್ರಮಕ್ಕೆ ಇದ್ದದ್ದು ಅದೊಂದೇ ವಾಹನ. ಯಾರೋ ಭಕ್ತರು ಬಿಟ್ಟುಹೋದದ್ದು. ಬಹಳ ಕಾಲ ಹುಣಸೆಮರದ ಕೆಳಗೆ ಸತ್ತು ನಿಂತಿತ್ತು. ಕೋಳಿಗಳು ಸೀಟಿನ ಮೇಲೆ ಮೊಟ್ಟೆ ಇಡುತ್ತಿದ್ದವು. ಅದನ್ನು ಓಡಿಸಿಯೇ ತೀರುತ್ತೇನೆಂದು ಹಟ ಹಿಡಿದವನು ನಿಜಗುಣ. ಶಿಷ್ಯನಾಗಿ ಬರುವ ಮುಂಚೆ ಅವನು ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದ.

ಇಂಜಿನ್ನು ಸರಿಯಾದಾಗ ಬ್ರೇಕು ಹೋಯಿತು. ಬ್ರೇಕು ಹಿಡಿದಾಗ ಬಾಗಿಲು ಕಳಚಿತು. ಎಲ್ಲ ಮುಗಿಯಿತು ಅನ್ನುವಾಗ ಈ ಟೈರು.

"ನಾಳೆ ಬೆಳಿಗ್ಗೆ ಹೊರಡಬೇಕು," ಎಂದರು ಹಂಪಮ್ಮ ತಾಯಿ. ಅವರೇ ಆಶ್ರಮದ ಗುರು. ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಹೊರಡ್ತೀವಿ ತಾಯಿ."

"ಕೊಟ್ರಯ್ಯನ ಕಣ್ಣು ಕಾಯೋದಿಲ್ಲ."

ಅವರ ಪಕ್ಕದಲ್ಲೇ ಕೊಟ್ರಯ್ಯ ಕೂತಿದ್ದ. ಆಶ್ರಮದ ಎಲ್ಲರಿಗಿಂತ ಹಿರಿಯ ಶಿಷ್ಯ. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೆ ಬರೀ ಮಬ್ಬು ಕಾಣುತ್ತಿತ್ತು. ಅದರ ಒಳಗೆ ಒತ್ತಡ ಏರುತ್ತಿದೆ, ನಾಳೆ ಆಪರೇಷನ್ ಆಗದಿದ್ದರೆ ಅದೂ ಉಳಿಯದು ಎಂದು ಪಟ್ಟಣದ ಡಾಕ್ಟರು ಹೇಳಿದ್ದರು.

ಬಸ್ಸು ಬರುವ ರಸ್ತೆಯಲ್ಲ ಅದು. ಅಕ್ಕಿಗಿರಣಿಯ ಸಾಹುಕಾರರು ತಮ್ಮ ಕಾರು ಕಳಿಸುತ್ತೇನೆ ಅಂದಿದ್ದರು. "ಬೇಡ, ನಮ್ಮದೇ ಗಾಡಿ ಇದೆ" ಎಂದು ವಾಪಸು ಹೇಳಿ ಕಳಿಸಿದವನು ನಿಜಗುಣನೇ. ಸಾಹುಕಾರರು ಈಗ ಅದೇ ಕಾರಿನಲ್ಲಿ ಮಗಳ ಊರಿಗೆ ಹೋಗಿಯಾಗಿತ್ತು.

ಅಡುಗೆಯ ದ್ಯಾವಮ್ಮ ಗಂಜಿಯ ಪಾತ್ರೆ ಹಿಡಿದು ಹೊರಗೆ ಬಂದಳು.

"ಮತ್ತೆ ಮಲಗಿತಾ ನಿನ್ನ ಮದುವಣಗಿತ್ತಿ?"

"ಸುಮ್ನಿರು ದ್ಯಾವಮ್ಮ."

"ಟೈರಿನ ಅಂಗಡಿಯವನು ಏನಂದ?"

"ಟೈರು ಬಿಸಾಕು, ರಿಮ್ಮೂ ಬಿಸಾಕು, ಹೊಸದು ತಗೋ ಅಂದ. ಅದೆಲ್ಲ ನಮ್ಮ ಕೈಲಿ ಆಗೋ ಮಾತಾ? ಮೊಳೆ ಹುಡುಕಿದೆ, ಇಲ್ಲ. ಟೈರಿನ ಮೇಲೆಲ್ಲ ಸೋಪು ನೀರು ಹಚ್ಚಿದೆ, ಒಂದು ಗುಳ್ಳೆ ಏಳಲಿಲ್ಲ. ತೂತೇ ಇಲ್ಲ. ಆದರೂ ಗಾಳಿ ಹೋಗ್ತಿದೆ."

"ಅದಕ್ಕೆ ಹಸಿವಾಗೈತೆ. ಗಂಜಿ ಕುಡಿಸು."

"ತಮಾಷೆ ಮಾಡೋ ಹೊತ್ತಲ್ಲ ಇದು."

"ತಮಾಷೆ ಯಾರು ಮಾಡಿದ್ರು? ನಮ್ಮಪ್ಪ ಸೈಕಲ್ಲಿಗೆ ಹಂಗೇ ಮಾಡ್ತಿದ್ದ. ಗಂಜಿ ತಾನೇ ದಾರಿ ಹುಡುಕ್ಕೊಂಡು ಹೋಗಿ ತೂತಲ್ಲಿ ಕೂತ್ಕಂತೈತೆ. ಹೆಂಗೂ ಬಚ್ಚಲಿಗೆ ಚೆಲ್ಲೋದು. ತಗೋ, ಪುಕ್ಕಟೆ."

ನಿಜಗುಣ ತಾಯಿಯ ಕಡೆ ನೋಡಿದ. ಅವರು ಕಾಯಿ ಸುಲಿಯುತ್ತಲೇ ಇದ್ದರು.

ಬೇರೆ ಉಪಾಯ ಇರಲಿಲ್ಲ. ವಾಲ್ವಿನ ಪಿನ್ನು ಬಿಚ್ಚಿದ. ಹಳೆಯ ಎಣ್ಣೆ ಪಿಚಕಾರಿಯಲ್ಲಿ ತಿಳಿಗಂಜಿಯನ್ನು ಒಳಗೆ ತಳ್ಳಿದ. ಜಾಕಿ ಕೊಟ್ಟು ಚಕ್ರವನ್ನು ತಿರುಗಿಸಿ, ಮತ್ತೆ ಪಂಪು ತುಳಿದ. ಬೆವರು ಕಣ್ಣಿಗೆ ಇಳಿಯಿತು.

ಟೈರು ಎದ್ದು ನಿಂತಿತು.

ಸ್ವಲ್ಪ ಹೊತ್ತಿಗೆ ರಿಮ್ಮಿನ ಅಂಚಿನಲ್ಲಿ ಬೆಳ್ಳಗೆ ಒಂದು ಹನಿ ಕಾಣಿಸಿತು. ನಿಜಗುಣ ಹೆಗಲ ಮೇಲಿನ ಟವೆಲಿನಿಂದ ಒರೆಸಿದ. ಮತ್ತೊಂದು ಹನಿ. ಅದನ್ನೂ ಒರೆಸಿದ. ಆ ರಿಮ್ಮಿಗೆ ಅವನು ಬೆಳ್ಳಿಬಣ್ಣ ಹೊಡೆದಿದ್ದ, ಅಂಚಿಗೆ ಕೆಂಪು ಗೆರೆ. ಮುಖ ನೋಡಿಕೊಳ್ಳುವ ಹಾಗೆ ಹೊಳೆಯುತ್ತಿತ್ತು.

"ಏನು ಒರೆಸ್ತಿದ್ದೀ?" ತಾಯಿ ಕೇಳಿದರು.

"ಗಂಜಿ ತಾಯಿ. ಬಣ್ಣದ ಮೇಲೆ ಒಣಗಿದರೆ ಕಲೆ ಕೂರುತ್ತೆ."

"ಗಂಜಿ ಎಲ್ಲಿಗೆ ಹಾಕಿದ್ದು?"

"ಟೈರಿನ ಒಳಗೆ."

"ಒರೆಸ್ತಿರೋದು ಎಲ್ಲಿ?"

ನಿಜಗುಣನ ಕೈ ನಿಂತಿತು.

ಟವೆಲು ತೆಗೆದ. ಕೆಂಪು ಗೆರೆಯ ಕೆಳಗಿನಿಂದ ಹನಿ ಒಸರಿತು, ಗುಳ್ಳೆಯಾಯಿತು, ಒಡೆಯಿತು. ಅದರ ಪಕ್ಕದಲ್ಲಿ ಇನ್ನೊಂದು.

ಅದು ಟ್ಯೂಬಿಲ್ಲದ ಟೈರು. ಟೈರಿನ ಒಳಅಂಚಿನ ತುಟಿ ಕಬ್ಬಿಣದ ರಿಮ್ಮನ್ನು ಬಿಗಿಯಾಗಿ ಕಚ್ಚಿದರಷ್ಟೇ ಗಾಳಿ ನಿಲ್ಲುತ್ತದೆ. ಆ ರಿಮ್ಮು ತುಕ್ಕು ತಿಂದಿತ್ತು. ಕಬ್ಬಿಣ ಕಂಡರೆ ಪೇಂಟರಿಗೆ ಮರ್ಯಾದೆ ಇಲ್ಲ ಎನ್ನುವುದು ಲಾರಿ ಶೆಡ್ಡಿನ ಮಾತು. ನಿಜಗುಣ ತುಕ್ಕನ್ನು ಕೆರೆಯಲು ಹೋಗಿರಲಿಲ್ಲ. ಮೇಲೆ ಹಳ್ಳ ಮುಚ್ಚುವ ಪುಟ್ಟಿ ಮೆತ್ತಿ, ತಿಕ್ಕಿ, ಟೈರು ಕಚ್ಚುವ ಜಾಗವನ್ನೂ ಬಿಡದೆ ದಪ್ಪಗೆ ಬಣ್ಣ ಹೊಡೆದಿದ್ದ.

"ತಾಯಿ, ಟೈರಿನಲ್ಲಿ ತಪ್ಪಿಲ್ಲ."

"ಹೌದಾ?"

"ಬಣ್ಣ ಎದ್ದಿದೆ." ಸ್ವಲ್ಪ ತಡೆದು ಹೇಳಿದ. "ನಾನು ಹೊಡೆದ ಬಣ್ಣ."

"ಹಾಗಾದರೆ ಏನು ಮಾಡ್ತೀ?"

"ಪಂಪು ಜೊತೆಗೇ ಇಟ್ಕೊಂಡು ಹೋಗೋಣ. ಇಳಿದ ಕಡೆ ನಿಲ್ಲಿಸಿ ತುಂಬ್ತೀನಿ."

"ಕೆರೆದರೆ?"

"ಕೆರೆದರೆ ಪೂರ್ತಿ ಹಾಳಾಗುತ್ತೆ ತಾಯಿ! ಟೈರು ಬಿಡಿಸೋವಾಗಲೇ ಅರ್ಧ ಕಿತ್ತು ಬರುತ್ತೆ. ಇಡೀ ಗಾಡಿಯಲ್ಲಿ ಕೆಟ್ಟು ಕೂರದೆ ಇದ್ದದ್ದು ಅದೊಂದೇ ಕೆಲಸ."

ತಾಯಿ ಕೊಟ್ರಯ್ಯನ ಕಡೆ ತಿರುಗಿದರು. "ನೀನೇನಂತೀ?"

"ನಾನೇನು ಹೇಳಲಿ?" ಎಂದ ಮುದುಕ. "ಘಾಟಿ ಇಳಿಯೋವಾಗ ಚಕ್ರ ಕೂತುಬಿಟ್ಟರೆ ನನಗೆ ಆಪರೇಷನ್ ಖರ್ಚೇ ಉಳೀತು. ಅದಿರಲಿ ತಮ್ಮಾ, ಯಾವ ಬಣ್ಣ ಹೊಡೆದಿದ್ದೀ?"

"ಬೆಳ್ಳಿ ಬಣ್ಣ ಅಜ್ಜ. ಅಂಚಿಗೆ ಕೆಂಪು."

"ನೋಡಬೇಕಿತ್ತು," ಎಂದ ಕೊಟ್ರಯ್ಯ.

ತಾಯಿ ಎದ್ದು ಬಂದರು. ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಗಂಜಿ ಒಸರುವ ಕಡೆ ಕೆಂಪು ಗೆರೆಗೆ ಹೆಬ್ಬೆರಳಿನ ಉಗುರು ಕೊಟ್ಟು ಎಳೆದರು.

ಅಂಗೈಯಷ್ಟು ಬಣ್ಣ ಒಂದೇ ಪದರಾಗಿ ಎದ್ದು ಬಂತು. ಕೆಳಗೆ ತುಕ್ಕು ಪುಡಿಪುಡಿಯಾಗಿ ಉದುರಿತು.

"ತಾಯಿ!" ನಿಜಗುಣ ಅವರ ಕೈ ಹಿಡಿದುಬಿಟ್ಟ. "ನಿಮಗೆ ಇದರ ಬೆಲೆ ಗೊತ್ತಿಲ್ಲ!"

ದ್ಯಾವಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಗುರುವಿನ ಕೈ ಹಾಗೆ ಹಿಡಿದವರನ್ನು ಆ ಆಶ್ರಮ ಕಂಡಿರಲಿಲ್ಲ.

ತಾಯಿ ಕೈ ಬಿಡಿಸಿಕೊಳ್ಳಲಿಲ್ಲ.

"ಗೊತ್ತಿಲ್ಲ," ಎಂದರು. "ಗಟ್ಟಿ ಇದ್ದಿದ್ದರೆ ಈ ಮುದುಕಿಯ ಉಗುರಿಗೆ ಬರ್ತಿರಲಿಲ್ಲ, ಅಷ್ಟು ಗೊತ್ತು. ಹೊತ್ತು ಇಳೀತಾ ಇದೆ, ಅದೂ ಗೊತ್ತು."

ನಿಜಗುಣ ಕೈ ಬಿಟ್ಟ.

ಆಮೇಲೆ ಅವನು ತಲೆ ಎತ್ತಲಿಲ್ಲ. ಗಾಡಿಗೆ ಕಲ್ಲು ಕೊಟ್ಟು ಚಕ್ರ ಬಿಚ್ಚಿ, ಗಾಳಿ ತೆಗೆದು, ವ್ಯಾನಿನ ಅಡಿಗೆ ಮಲಗಿಸಿದ. ಜಾಕಿಯ ಬುಡವನ್ನು ಟೈರಿನ ಮೇಲಿಟ್ಟು, ತಲೆಯನ್ನು ಗಾಡಿಯ ಚೌಕಟ್ಟಿಗೆ ಕೊಟ್ಟು ತಿರುಗಿಸಿದ. ಗಾಡಿಯ ಭಾರಕ್ಕೆ ಟೈರಿನ ತುಟಿ ರಿಮ್ಮಿನಿಂದ ಬಿಟ್ಟಿತು. ಮೀಟುಗೋಲು ಹಾಕಿದಾಗ ಬೆಳ್ಳಿಬಣ್ಣದಲ್ಲಿ ಉದ್ದಕ್ಕೆ ಗೀರು ಬಿತ್ತು. ಅವನ ಹಲ್ಲು ಕಡಿಯುವ ಸದ್ದು ಕಟ್ಟೆಯವರೆಗೆ ಕೇಳಿಸಿತು.

ಅಡುಗೆಮನೆಯ ಮೊಂಡು ಚಾಕು ತಂದು ಕೆರೆದ. ಉಪ್ಪುಕಾಗದದಿಂದ ತಿಕ್ಕಿದ. ಅದು ಸವೆದ ಮೇಲೆ ಇಟ್ಟಿಗೆ ಚೂರಿನಿಂದ ತಿಕ್ಕಿದ. ಪುಟ್ಟಿ ಹೋಯಿತು, ತುಕ್ಕು ಹೋಯಿತು, ಬೋಳು ಕಬ್ಬಿಣ ಕಂಡಿತು. ಅದಕ್ಕೆ ಸೋಪು ಸವರಿ ಟೈರು ಕೂರಿಸಿದ. ತುಟಿ ಹೊರಕ್ಕೆ ಉಬ್ಬಲಿ ಎಂದು ಟೈರಿನ ಸುತ್ತ ಬಾವಿಹಗ್ಗ ಬಿಗಿದು, ಒನಕೆ ಸಿಕ್ಕಿಸಿ ತಿರುವಿದ. ದ್ಯಾವಮ್ಮ ಒನಕೆ ಹಿಡಿದಳು. ಅವನು ಪಂಪು ತುಳಿದ.

"ಬಿಗಿಯಾಗಿ ಹಿಡಿ!"

"ಹಿಡಿದೀನಿ, ನೀನು ತುಳಿ!"

ಟೈರು ಉಬ್ಬಿತು. ಹಗ್ಗ ಬಿಚ್ಚಿದರು.

"ಉಸ್ ಅಂತಿದೆ," ಎಂದ ಕೊಟ್ರಯ್ಯ ಕಟ್ಟೆಯಿಂದ.

ಸೂರ್ಯ ಹೊಳೆಯಾಚೆಯ ಗುಡ್ಡಕ್ಕೆ ತಾಗಿದ್ದ. ನಿಜಗುಣ ಹಾಗೇ ನೆಲದ ಮೇಲೆ ಕೂತುಬಿಟ್ಟ.

"ಎಲ್ಲ ಕೆರೆದೆ ತಾಯಿ."

ತಾಯಿ ಅವನ ಮುಖವನ್ನೇ ನೋಡಿದರು. "ಎಲ್ಲಾ?"

ನಿಜಗುಣ ಚಕ್ರದ ಕಡೆ ತಿರುಗಿದ. ಒಂದು ಕಡೆ ಗೇಣುದ್ದ ಜಾಗದಲ್ಲಿ ಬಣ್ಣ ಗಟ್ಟಿಯಾಗಿಯೇ ಕಂಡಿತ್ತು. ಅಷ್ಟನ್ನು ಉಳಿಸಿಕೊಂಡಿದ್ದ.

ಎದ್ದ. ಮತ್ತೆ ಗಾಳಿ ತೆಗೆದ. ಮತ್ತೆ ಜಾಕಿ ಇಟ್ಟ. ಆ ಗೇಣು ಜಾಗಕ್ಕೆ ಚಾಕು ಹಾಕಿದ. ಗಟ್ಟಿಯಾಗಿ ಕಂಡ ಬಣ್ಣದ ಕೆಳಗೂ ತುಕ್ಕೇ ಇತ್ತು.

ಮತ್ತೆ ಹಗ್ಗ. ಮತ್ತೆ ಒನಕೆ. ಮತ್ತೆ ಪಂಪು.

ಠಪ್ ಎಂದು ತುಟಿ ಕೂತ ಸದ್ದಾಯಿತು. ಇನ್ನೊಂದು ಕಡೆಯೂ ಠಪ್.

ನಿಜಗುಣ ಪಂಪು ಬಿಟ್ಟು ಕಟ್ಟೆಯ ಕಡೆ ತಿರುಗಿದ.

"ಅಜ್ಜ, ಏನಾದರೂ ಕೇಳ್ತಿದೆಯಾ?"

"ಏನೂ ಇಲ್ಲ," ಎಂದ ಕೊಟ್ರಯ್ಯ. "ಕಣ್ಣಿನ ಜೊತೆ ಕಿವಿಯೂ ಹೋಯ್ತೇನೋ."

ಬೆಳಗಾಗುವ ಹೊತ್ತಿಗೆ ನಿಜಗುಣ ಚಕ್ರದ ಮುಂದಿದ್ದ. ಹೆಬ್ಬೆರಳಿನಿಂದ ಒತ್ತಿ ನೋಡಿದ. ಕಲ್ಲಿನ ಹಾಗಿತ್ತು. ನಂಬಿಕೆ ಬರದೆ ಮತ್ತೆ ಒತ್ತಿದ.

ಕೊಟ್ರಯ್ಯನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಾಯಿ ಪಕ್ಕದಲ್ಲಿ ಕೂತರು. ನಿಜಗುಣ ಇಂಜಿನ್ನು ಚಾಲೂ ಮಾಡಿದ. ಆದರೆ ಗಾಡಿ ಬಿಡಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಿನ ಚಕ್ರ ನೋಡಿದ. ಬೆಳ್ಳಿಬಣ್ಣ ಚಿಂದಿಯಾಗಿತ್ತು, ಕೆಂಪು ಗೆರೆ ಎಲ್ಲೂ ಇರಲಿಲ್ಲ. ಗೀರುಗಳ ನಡುವೆ ಬೋಳು ಕಬ್ಬಿಣ.

"ತಾಯಿ, ಹೋಗೋದು ಪಟ್ಟಣಕ್ಕೆ. ಆಸ್ಪತ್ರೆ ಮುಂದೆ ನಮ್ಮ ಶೆಡ್ಡಿನವರು ಯಾರಾದರೂ ಇದ್ದೇ ಇರ್ತಾರೆ. ಇದನ್ನ ನೋಡಿ, ಯಾರು ಮಾಡಿದ ಕೆಲಸ ಇದು ಅಂತ ಕೇಳ್ತಾರೆ."

"ಕೇಳಲಿ," ಎಂದರು ಹಂಪಮ್ಮ ತಾಯಿ. "ನಿನ್ನ ಹೆಸರೇ ಹೇಳ್ತೀನಿ. ಗಾಡಿ ಬಿಡು."