ಹಾಲಮ್ಮ ಬಿಟ್ಟುಕೊಡದ ಬೌಲರ್

ದಾವಣಗೆರೆಯ ಸಹಕಾರ ಸಂಘವೊಂದರ ಕಚೇರಿಯವರು ಮೊಬೈಲಿನಲ್ಲಿ ಫ್ಯಾಂಟಸಿ ಕ್ರಿಕೆಟ್ ತಂಡ ಕಟ್ಟಿದ್ದರು. ನಿಜವಾದ ಆಟಗಾರರನ್ನು ಆರಿಸಿಕೊಳ್ಳುವುದು, ಅವರು ಮೈದಾನದಲ್ಲಿ ಆಡಿದ ಹಾಗೆ ಇವರಿಗೆ ಅಂಕ. ಎದುರಾಳಿ ಅದೇ ಸಂಘದ ಹರಿಹರದ ಶಾಖೆ; ಎರಡೂ ತಂಡದವರು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದಿತ್ತು. ತಂಡ ನೋಡಿಕೊಳ್ಳುತ್ತಿದ್ದವಳು ಗುಮಾಸ್ತೆ ಹಾಲಮ್ಮ. ಅವಳಿಗೆ ವೇಗದ ಬೌಲರ್ ತಿಮ್ಮರಾಜು ಎಂದರೆ ಪ್ರಾಣ. ಅವನೋ, ಆಡಿದರೆ ಹುಲಿ. ಆದರೆ ಆಗಾಗ ಗಾಯ ಮಾಡಿಕೊಂಡು ಮಲಗಿಬಿಡುತ್ತಿದ್ದ.

ಮತ್ತೆ ಅವನ ಕಾಲು ಉಳುಕಿದ ಸುದ್ದಿ ಬಂತು. ಮ್ಯಾನೇಜರ್ ರೇವಣಸಿದ್ದಪ್ಪನವರು ಎಲ್ಲರೆದುರು ಮೇಜು ಗುದ್ದಿದರು.

“ಇವನನ್ನ ಹರಿಹರದವರಿಗೆ ಕೊಟ್ಟು ಗಟ್ಟಿಯಾಗಿರೋನನ್ನ ತಗೋ ಹಾಲಮ್ಮ. ಇವತ್ತೇ! ಪದೇ ಪದೇ ಮಲಗೋನು ನಮಗೆ ಯಾಕೆ?”

ಹಾಲಮ್ಮನಿಗೆ ಕೊಡಲು ಮನಸ್ಸು ಬರಲಿಲ್ಲ.

“ಸಾರ್, ಹೋದ ವರ್ಷ ನೀವು ಸೊಂಟ ಹಿಡ್ಕೊಂಡು ಎಷ್ಟು ಸಲ ಮಲಗಿದ್ರಿ! ಹರಿಹರದ ಮ್ಯಾನೇಜರು ಆಗ ಗಟ್ಟಿಮುಟ್ಟಾಗೇ ಇದ್ರು. ನಿಮ್ಮನ್ನ ಅಲ್ಲಿಗೆ ಕೊಟ್ಟು ಅವರನ್ನ ತರೋಣ ಅಂತ ನಮಗೆ ಯಾರಿಗೂ ಅನ್ನಿಸಲಿಲ್ಲ. ನೀವು ಎದ್ದು ಬರೋವರೆಗೂ ಕಾದ್ವಿ.”

ರೇವಣಸಿದ್ದಪ್ಪನವರ ಮೀಸೆ ಅಲುಗಿತು. ಆಮೇಲೆ ನಗು ತಡೆಯಲಾಗದೆ ನಕ್ಕರು. ನಕ್ಕ ರಭಸಕ್ಕೆ ಸೊಂಟ ಚುಳ್ಳೆಂದು, ಮೆಲ್ಲಗೆ ಕುರ್ಚಿಗೆ ಇಳಿದರು.

“ಇಟ್ಕೊಳಮ್ಮ ನಿನ್ನ ತಿಮ್ಮರಾಜನ್ನ,” ಎಂದರು. “ಅವನು ಮಲಗಿದ ದಿನ ಮಾತ್ರ ನನ್ನ ಮುಖ ನೋಡಿ ನಗಬೇಡ.”