ಓಂಕಾರಪ್ಪನವರ ಮುಖ

ಅರಸೀಕೆರೆಯಲ್ಲಿ ಮದುವೆಯ ಬ್ಯಾಂಡ್ ಸೆಟ್ಟು ನಡೆಸುತ್ತಿದ್ದ ಓಂಕಾರಪ್ಪನವರು ಒಂದು ಬೆಳಿಗ್ಗೆ ತಮ್ಮ ಗುಮಾಸ್ತನನ್ನು ಕರೆದರು.

"ಈಗ ಬ್ಯಾಂಡಿನ ಹೆಸರು ಫೇಸ್‌ಬುಕ್ಕಲ್ಲಿ ಓಡಬೇಕು ಕಣಯ್ಯಾ. ಒಂದು ವಿಡಿಯೊ ಹಾಕು. ಅದರ ತುಂಬ ನನ್ನ ಮುಖವೇ ಇರಲಿ. ಆ ದಸ್ತಗೀರ್ ಸಾಬರ ಬತ್ತಿದ ಕೆನ್ನೆ ಎಲ್ಲೂ ಕಾಣಕೂಡದು. ಬರೋ ತಿಂಗಳಿಂದ ಅವರನ್ನು ಬಿಟ್ಟೇಬಿಡೋಣ."

ಸಾಬರು ನಲವತ್ತು ವರ್ಷದಿಂದ ಅಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಅವರಿಗೆ ಬೇರೆ ಅನ್ನದ ದಾರಿ ಇರಲಿಲ್ಲ. ಅದು ಗುಮಾಸ್ತನಿಗೆ ಗೊತ್ತಿತ್ತು.

"ಆಗಲಿ ಯಜಮಾನ್ರೇ," ಎಂದ.

ಯಜಮಾನರ ಮಗಳ ಮದುವೆಯಲ್ಲಿ ತೆಗೆದ ವಿಡಿಯೊ ಅವನ ಫೋನಿನಲ್ಲಿತ್ತು. ಅದರಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿನ ತುಣುಕನ್ನು ಹಾಕಿದ. ಪರದೆಯ ತುಂಬ ಓಂಕಾರಪ್ಪನವರ ಮುಖ. ದಪ್ಪ ಮೀಸೆ ಅದುರುತ್ತಿತ್ತು, ಕಣ್ಣೀರು ಅದನ್ನು ತೋಯಿಸುತ್ತಿತ್ತು. ಸಾಬರು ಎಲ್ಲೂ ಇರಲಿಲ್ಲ. ಅವರ ಕ್ಲಾರಿನೆಟ್ ಮಾತ್ರ ಕೇಳುತ್ತಿತ್ತು.

ಮೂರು ದಿನದಲ್ಲಿ ಇಪ್ಪತ್ತು ಸಾವಿರ ಜನ ನೋಡಿದರು. ಹೆಣ್ಣು ಹೆತ್ತವರು ಒಬ್ಬರಿಗೊಬ್ಬರು ಕಳಿಸಿಕೊಂಡರು.

"ನಾನು ಅಳೋದನ್ನು ಊರಿಗೆಲ್ಲ ತೋರಿಸಿದೆಯಲ್ಲೋ," ಎಂದು ಯಜಮಾನರು ಗುಡುಗಿದರು.

"ತಾವು ಹೇಳಿದ ಹಾಗೇ ಮಾಡಿದೀನಿ. ಅದರಲ್ಲಿ ಸಾಬರ ಮುಖ ಇದ್ದರೆ ತೋರಿಸಿ."

ಅಷ್ಟರಲ್ಲಿ ತಿಪಟೂರಿನಿಂದ ಫೋನು ಬಂತು.

"ಸ್ವಾಮಿ, ಮಗಳ ಮದುವೆ ಇದೆ. ನಿಮ್ಮ ಸೆಟ್ಟೇ ಬೇಕು. ಆದರೆ ಅವತ್ತು ನಿಮ್ಮನ್ನು ಅಳಿಸಿದವರೇ ಬಂದು ಊದಬೇಕು. ಅವರು ಇದ್ದಾರಾ?"

ಓಂಕಾರಪ್ಪನವರು ಹೊರಗೆ ಜಗಲಿಯ ಮೇಲೆ ಕೂತಿದ್ದ ಸಾಬರ ಕಡೆ ನೋಡಿದರು.

"ಇದ್ದಾರೆ, ಬರ್ತಾರೆ," ಎಂದರು. "ಆದರೆ ಮಗಳನ್ನು ಕಾರು ಹತ್ತಿಸೋವಾಗ ನೀವು ಅವರಿಂದ ದೂರ ನಿಂತ್ಕೊಳ್ಳಿ. ನಾನು ಪಕ್ಕದಲ್ಲೇ ನಿಂತು ಕೆಟ್ಟೆ."