ಅಳದ ಕೂಸು

ನೀರಲಗುಂಡಿಯ ಮಠ ಆಗ ಹೆಸರಿಗಷ್ಟೇ ಮಠ. ಮಣ್ಣಿನ ಗೋಡೆ, ಸೋರುವ ಮಾಳಿಗೆ, ಎದುರಿನ ಹತ್ತಿ ಜಿನ್ನಿಂಗ್ ಮಿಲ್ಲಿನಿಂದ ಹಾರಿ ಬಂದು ಪಡಸಾಲೆ ತುಂಬ ಕೂರುವ ಅರಳೆಯ ಧೂಳು. ಪೂಜ್ಯ ಶಾಂತಮಲ್ಲ ಅಜ್ಜನವರು ಒಂದು ಕಂಬಳಿ, ಒಂದು ತಂಬಿಗೆ ಇಟ್ಟುಕೊಂಡು ಅಲ್ಲಿ ವಾಸವಾಗಿದ್ದರು. ಬೆಳಗಾದರೆ ತಾವೇ ಕಸಬರಿಗೆ ಹಿಡಿದು ಧೂಳು ಗುಡಿಸುತ್ತಿದ್ದರು. ಭಕ್ತರು ಕಸಿದುಕೊಳ್ಳಲು ಹೋದರೂ ಕಸಬರಿಗೆಯನ್ನು ಬಿಡುತ್ತಿರಲಿಲ್ಲ. ಮಾತು ಬಲು ಕಡಿಮೆ. ಅಜ್ಜನವರ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಬಾವಿ ತೋಡುವುದು ಹಗುರ ಎಂದು ಊರವರು ಭಕ್ತಿಯಿಂದಲೇ ಚೇಷ್ಟೆ ಮಾಡುತ್ತಿದ್ದರು.

ಅಂಥ ಮಠಕ್ಕೆ ಒಂದು ಸೋಮವಾರ ಅಡಿವೆಪ್ಪ ಬಂದ. ಕಂಕುಳಲ್ಲಿ ಮಠದ ಪಲ್ಲಕ್ಕಿಗೆಂದು ಹೊಲಿಸಿದ ರೇಷ್ಮೆಯ ಹೊದಿಕೆ. ಮಿಲ್ಲಿನ ಗೇಟಿನ ಬಳಿ ಅವನದೊಂದು ಗೂಡಂಗಡಿ; ಬೀಡಿ, ಬೆಂಕಿಪೆಟ್ಟಿಗೆ, ಬಾಲಗುಳಿಗೆ ಮಾರುತ್ತಿದ್ದ. ಆ ಬಾಲಗುಳಿಗೆಯ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಿಲ್ಲಿನ ಹೆಣ್ಣುಮಕ್ಕಳು ಎಳೆಗೂಸುಗಳನ್ನು ಕಟ್ಟಿಕೊಂಡೇ ಕೆಲಸಕ್ಕೆ ಬರಬೇಕು. ಕೂಸು ಅತ್ತರೆ ಮೇಸ್ತ್ರಿ ತಾಯಿಯನ್ನು ಮನೆಗೆ ಅಟ್ಟುತ್ತಿದ್ದ. ಹಾಗಾಗಿ ಕೆಲಸದ ಗಂಟೆ ಬಾರಿಸುವ ಮೊದಲು ಒಂದು ಗುಳಿಗೆಯನ್ನು ಎದೆಹಾಲಿನಲ್ಲಿ ತೇಯ್ದು ಕೂಸಿನ ನಾಲಿಗೆಗೆ ಸವರಿ, ಅರಳೆಯ ರಾಶಿಯ ಮಗ್ಗುಲಲ್ಲಿ ಮಲಗಿಸಿಬಿಡುವುದು ಅಲ್ಲಿನ ರೂಢಿ. ಕೂಸು ಸಂಜೆಯವರೆಗೆ ಮಿಸುಕುತ್ತಿರಲಿಲ್ಲ.

ಬಜೆ, ಜಾಯಿಕಾಯಿ, ಮತ್ತೇನಿಲ್ಲ ಎಂದು ಅಡಿವೆಪ್ಪ ಹೇಳುತ್ತಿದ್ದ. ಒಳಗಿದ್ದದ್ದು ಅಫೀಮು. ಹಿಂಡಿಯ ಚೀಲಗಳ ನಡುವೆ ಲಾರಿಯಲ್ಲಿ ಕದ್ದು ಬರುತ್ತಿದ್ದ ಮಾಲು. ಮೈಕೈ ನೋವಿನ ಹಮಾಲರಿಗೆ ದೊಡ್ಡ ಉಂಡೆಗಳೇ ಬೇರೆ ಇದ್ದವು. ಅದರ ಕೈಗೆ ಸಿಕ್ಕ ಗಟ್ಟಿಮುಟ್ಟಾದ ಆಳುಗಳು ಎಲುಬಿನ ಹಂದರವಾಗಿ, ಮಾಲು ಸಿಗದ ದಿನ ಬೆವರುತ್ತ, ನಡುಗುತ್ತ ಅವನ ಅಂಗಡಿಯ ಮುಂದೆ ಕುಕ್ಕರಿಸಿ ಕೂರುತ್ತಿದ್ದರು. ಮಲಗಿದ ಒಬ್ಬಿಬ್ಬರು ಬೆಳಿಗ್ಗೆ ಏಳಲೇ ಇಲ್ಲ. ಎದೆ ನಿಂತಿತು ಎಂದು ಊರು ಅಂದುಕೊಂಡಿತು. ಅಡಿವೆಪ್ಪನೂ ಹಾಗೆಯೇ ಅಂದುಕೊಳ್ಳುವುದನ್ನು ರೂಢಿಸಿಕೊಂಡಿದ್ದ.

ದೇವರಾಗಲಿ ಅಜ್ಜನವರಾಗಲಿ ಅವನ ತಲೆಯೊಳಗೆ ಇರಲಿಲ್ಲ. ಮಠದ ಪಲ್ಲಕ್ಕಿಯ ಮೇಲೆ ತನ್ನ ಹೊದಿಕೆ ಮೆರೆದರೆ ಪೊಲೀಸರು ತನ್ನ ಅಂಗಡಿಗೆ ಕೈಹಾಕಲು ಹಿಂದೆಮುಂದೆ ನೋಡುತ್ತಾರೆ ಎಂಬುದೊಂದೇ ಅವನ ಎಣಿಕೆ. ಈ ಮುದುಕರನ್ನು ಒಲಿಸುವುದು ಎಷ್ಟರ ಕೆಲಸ ಎಂದುಕೊಂಡೇ ಅವನು ಅಜ್ಜನವರ ಮುಂದೆ ರೇಷ್ಮೆಯ ಮಡಿಕೆ ಬಿಚ್ಚಿದ. ಅಜ್ಜನವರು ರೇಷ್ಮೆಯನ್ನೂ ನೋಡಿದರು, ಅವನ ಮುಖವನ್ನೂ ನೋಡಿದರು.

ಅಷ್ಟರಲ್ಲಿ ಮಿಲ್ಲಿನ ಫಕೀರವ್ವ ಕೂಸನ್ನು ಎದೆಗವಚಿಕೊಂಡು ಓಡಿ ಬಂದಳು. ತಲೆಯ ತುಂಬ ಅರಳೆ, ಸೆರಗು ಎಲ್ಲೋ, ಜೀವ ಎಲ್ಲೋ.

"ಅಜ್ಜಾರ, ಕೂಸಿಗೆ ಯಾರದೋ ಕಣ್ಣ ತಾಗೇತ್ರಿ. ಎಷ್ಟ ಎಬ್ಬಿಸಿದ್ರೂ ಏಳವಲ್ದು. ಒಂದೀಟ ಭಸ್ಮ ಹಚ್ರಿ."

ಅಜ್ಜನವರು ಕೂಸನ್ನು ಕೈಗೆತ್ತಿಕೊಂಡರು. ತುಟಿ ನೀಲಿಗಟ್ಟಿತ್ತು. ಅವರು ಭಸ್ಮದ ಗಟ್ಟಿಯ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಪಡಸಾಲೆಯ ಮೂಲೆಗೆ ನಡೆದರು. ಸೋಮವಾರಕ್ಕೊಮ್ಮೆ ಅಲ್ಲಿ ಡಾಕ್ಟರ್ ಇಂದುಮತಿಯವರು ಬಡವರಿಗೆ ಔಷಧ ಕೊಡುತ್ತ ಕೂರುತ್ತಿದ್ದರು. ಅವರು ಕೂಸಿನ ರೆಪ್ಪೆ ಎತ್ತಿ ನೋಡಿದರು. ಕಣ್ಣಿನ ಪಾಪೆ ಸಾಸಿವೆಗಿಂತ ಸಣ್ಣದಾಗಿತ್ತು.

"ಇದು ದೃಷ್ಟಿಯಲ್ಲ, ವಿಷ" ಎಂದರು ಡಾಕ್ಟರು. "ಹತ್ತಿ ಬೆಳೆಯ ಹುಳಕ್ಕೆ ಹೊಡೆಯುವ ಎಣ್ಣೆ ಹೊಟ್ಟೆಗೆ ಹೋದರೂ ಕಣ್ಣು ಹೀಗಾಗುತ್ತದೆ, ಅಫೀಮಿಗೂ ಹೀಗಾಗುತ್ತದೆ. ಎಣ್ಣೆಯಾದರೆ ಇಲ್ಲೇ ಈಗಲೇ ಇಂಜೆಕ್ಷನ್ ಕೊಡಬೇಕು. ಅಫೀಮಾದರೆ ಅದರ ಔಷಧ ಜಿಲ್ಲಾಸ್ಪತ್ರೆಯಲ್ಲಿದೆ, ಈ ಕ್ಷಣ ಹೊರಡಬೇಕು. ಅದಲುಬದಲಾದರೆ ಕೂಸು ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಏನು ಕೊಟ್ಟೆ ಹೇಳವ್ವ."

"ಮನ್ಯಾಗ ಎಣ್ಣಿ ಡಬ್ಬಿ ಐತ್ರಿ, ಆದ್ರ ಕೂಸು ಇನ್ನ ಅಂಬೆಗಾಲ ಸೈತ ಇಡಂಗಿಲ್ರಿ. ನಾ ಕೊಟ್ಟಿದ್ದು ಈ ಅಡಿವೆಪ್ಪನ ಅಂಗಡಿ ಬಾಲಗುಳಿಗಿ ಒಂದ. ಅದು ದಿನಾ ಕೊಡೂದ."

ಹಿಂದೆಯೇ ಏದುಸಿರು ಬಿಡುತ್ತ ಬಂದ ಅತ್ತೆ ಕಲ್ಲವ್ವ ಬಾಗಿಲಲ್ಲೇ ನಿಂತುಬಿಟ್ಟಳು. "ನಾನೂ ಒಂದ ತೇದ ಸವರಿದ್ನಲ್ಲ, ಫಕೀರಿ. ನೀ ನೀರಿಗೆ ಹೋಗಿದ್ದಿ. ಗಂಟಿ ಹೊಡದ್ರ ಮೇಸ್ತ್ರಿ ಬೈತಾನ, ನೀ ಮರ್ತಿ ಅನ್ಕೊಂಡೆ."

ಅತ್ತೆಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ಗುಳಿಗೆ ಎಂದರೇನು ಎಂಬುದು ಅವರಿಗೆ ತಿಳಿಯದು. ತಿಳಿದವನು ಅಲ್ಲಿ ಅಡಿವೆಪ್ಪ ಒಬ್ಬನೇ.

"ಗುಳಿಗೆಯಲ್ಲಿ ಏನಿದೆ?" ಡಾಕ್ಟರು ಅವನ ಕಡೆ ತಿರುಗಿದರು.

"ಬಜಿ, ಜಾಯಿಕಾಯಿ ರೀ. ಮತ್ತೇನಿಲ್ರಿ."

ನಿಜ ಹೇಳಿದರೆ ಜೈಲು. ಜೈಲಿಗೆ ಹೋಗುವ ಮೊದಲೇ ಲಾರಿಯ ಮಂದಿ ತನ್ನನ್ನು ಬಿಡುವವರಲ್ಲ. ಹೇಳದಿದ್ದರೆ ಯಾರಿಗೆ ಗೊತ್ತಾಗಬೇಕು? ಎಣ್ಣೆ ಕುಡಿದು ಕೂಸು ಸತ್ತಿತು ಅಂದಾರು. ಮೆಲ್ಲನೆ ಹೊರಗೆ ನಡೆದುಬಿಡೋಣ ಎಂದುಕೊಂಡವನು ಕೂಸಿನ ಕಡೆ ನೋಡಿದ. ಕೂಸಿನ ಎದೆ ಒಮ್ಮೆ ಏರಿತು, ಇಳಿಯಿತು. ಮತ್ತೆ ಏರಲೇ ಇಲ್ಲ. ಡಾಕ್ಟರು ಬಾಯಿಗೆ ಬಾಯಿಟ್ಟು ಉಸಿರು ಊದತೊಡಗಿದರು. ಅಡಿವೆಪ್ಪ ತಾನೂ ಉಸಿರು ಹಿಡಿದು ನಿಂತಿದ್ದ, ಅದು ಅವನಿಗೇ ಗೊತ್ತಿರಲಿಲ್ಲ.

ಆಗ ಅಜ್ಜನವರು ಅವನ ಮುಂದೆ ಬಂದು ಕೈ ಚಾಚಿದರು.

"ಡಬ್ಬಿ ತಾ."

ಅವನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಅಜ್ಜನವರು ಡಬ್ಬಿಯಲ್ಲಿದ್ದ ಅಷ್ಟೂ ಗುಳಿಗೆಗಳನ್ನು ಅಂಗೈಗೆ ಸುರಿದುಕೊಂಡರು.

"ಬಜಿ ಅಂದ್ಯಲ್ಲ. ಮುದುಕರಿಗೂ ನಿದ್ದಿ ಬರಲಿ" ಎಂದವರೇ ಅಂಗೈಯನ್ನು ಬಾಯಿಗೆ ಎತ್ತಿದರು.

ಆ ಕಣ್ಣುಗಳಲ್ಲಿ ಬೆದರಿಕೆ ಇರಲಿಲ್ಲ, ಆಟವೂ ಇರಲಿಲ್ಲ. ಅಜ್ಜನವರು ನಿಜಕ್ಕೂ ನುಂಗುವವರಿದ್ದರು. ಅಡಿವೆಪ್ಪನಿಗೆ ಅದು ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. ತನ್ನ ಮಾತನ್ನು ನಂಬಿ ಪ್ರಾಣ ಬಿಡಲು ಇನ್ನೊಂದು ಜೀವ ಬಾಯಿ ತೆರೆದಿದೆ. ಅವನು ಮುನ್ನುಗ್ಗಿ ಆ ಸಣಕಲು ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಗುಳಿಗೆಗಳು ನೆಲದ ಪಾಲಾದವು.

"ಬ್ಯಾಡ್ರಿ ಅಜ್ಜಾರ. ಅಫೀಮು ಐತ್ರಿ. ಎಲ್ಲಾದ್ರಾಗೂ ಅಫೀಮು ಐತ್ರಿ."

ಮುಂದಿನದೆಲ್ಲ ಒಂದೇ ಓಟ. ಮಿಲ್ಲಿನ ಜೀಪು ಬಂತು. ಅಜ್ಜನವರು ಅಡಿವೆಪ್ಪನನ್ನು ಒಳಗೆ ಹತ್ತಿಸಿ, ಕೂಸನ್ನು ಅವನ ತೊಡೆಯ ಮೇಲೆಯೇ ಮಲಗಿಸಿದರು. "ಕರೀತಾ ಇರು" ಎಂದಷ್ಟೇ ಹೇಳಿ ಮುಂದಿನ ಸೀಟಿನಲ್ಲಿ ಕುಳಿತರು.

ಕರೆಯಬೇಕು, ಏನೆಂದು ಕರೆಯಬೇಕು? ಎಷ್ಟು ಕೂಸುಗಳಿಗೆ ಗುಳಿಗೆ ಮಾರಿದ್ದನೋ, ಒಂದರ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಫಕೀರವ್ವನನ್ನು ಕೇಳಿದ. ಚಂಪಾ ಎಂದಳು. ದಾರಿಯುದ್ದಕ್ಕೂ ಡಾಕ್ಟರು ಉಸಿರು ಊದುತ್ತಿದ್ದರೆ ಅಡಿವೆಪ್ಪ ಅಂಗಾಲು ತಿಕ್ಕುತ್ತ, "ಚಂಪಾ, ಅಳವ್ವ. ಒಂದ ಸಲ ಅಳ ತಾಯಿ" ಎಂದು ಅಂಗಲಾಚಿದ. ಕೂಸು ಅಳುವುದಿಲ್ಲ ಎಂದು ಹೇಳಿ ಹೇಳಿಯೇ ಮಾಲು ಮಾರಿದ್ದ ಬಾಯಿ ಅದು.

ಜಿಲ್ಲಾಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಕೂಸಿನ ಹುಬ್ಬು ಮೊದಲು ಗಂಟಿಕ್ಕಿತು, ಆಮೇಲೆ ಬೆರಳು ಮಡಚಿತು, ಆಮೇಲೆ ಇಡೀ ವಾರ್ಡು ಎದ್ದು ಕೂರುವಂತೆ ಅದು ಕಿರುಚಿ ಅತ್ತಿತು. ನರ್ಸ್ ರಮಿಸಲು ಬಂದರೆ ಅಜ್ಜನವರು ಕೈ ಅಡ್ಡ ಹಿಡಿದರು.

"ಅಳಲಿ ಬಿಡವ್ವ."

ಔಷಧದ ಶಕ್ತಿ ಇಳಿದರೆ ಉಸಿರು ಮತ್ತೆ ಕಟ್ಟಬಹುದು, ಕಣ್ಣು ಮಿಟುಕಿಸದೆ ಕಾಯಬೇಕು ಎಂದು ಡಾಕ್ಟರು ಹೇಳಿದರು. ಫಕೀರವ್ವ ಮಂಚದ ಕಾಲು ಹಿಡಿದು ಕುಳಿತಳು. ಅಡಿವೆಪ್ಪ ಅಜ್ಜನವರ ಪಾದದ ಮೇಲೆ ಬಿದ್ದು ಹೊರಳಾಡಿ ಅತ್ತ. ಅಜ್ಜನವರು ಅವನ ಭುಜ ಹಿಡಿದು ಎಬ್ಬಿಸಿದರು.

"ಮಿಲ್ಲಿನ್ಯಾಗ ಇನ್ನ ಎಷ್ಟ ಕೂಸು ಮಲಗ್ಯಾವ?"

ಅವನ ಅಳು ಅಲ್ಲಿಗೇ ನಿಂತಿತು. ಆಸ್ಪತ್ರೆಯಿಂದ ಹೊರಬಿದ್ದವನು ಮನೆಗೆ ಹೋಗಲಿಲ್ಲ, ಸೀದಾ ಪೊಲೀಸ್ ಠಾಣೆಗೆ ಹೋದ. ಮಾಲು ಎಲ್ಲಿದೆ, ಯಾವ ಲಾರಿಯಲ್ಲಿ ಯಾರು ತರುತ್ತಾರೆ, ಯಾವುದನ್ನೂ ಮುಚ್ಚಿಡಲಿಲ್ಲ. ಶಿಕ್ಷೆಯಾಯಿತು, ಅನುಭವಿಸಿದ.

ಅವನು ತಂದಿದ್ದ ರೇಷ್ಮೆ ಪಲ್ಲಕ್ಕಿಯನ್ನು ಏರಲೇ ಇಲ್ಲ. ಅಜ್ಜನವರು ಅದನ್ನು ಉದ್ದಕ್ಕೆ ಸೀಳಿಸಿ, ಪಡಸಾಲೆಯ ತೊಲೆಗಳಿಗೆ ಜೋಳಿಗೆಯ ತೊಟ್ಟಿಲು ಕಟ್ಟಿಸಿದರು. ಗುಣವಾಗಿ ಬಂದ ಚಂಪಾಳಿಂದ ಮೊದಲಾಗಿ, ಮಿಲ್ಲಿನ ತಾಯಂದಿರು ಕೂಸುಗಳನ್ನು ಅಲ್ಲಿ ಬಿಟ್ಟು ಹೋಗತೊಡಗಿದರು. ಪೂಜ್ಯರು ಕಸಬರಿಗೆ ಬದಿಗಿಟ್ಟು ತಾವೇ ತೊಟ್ಟಿಲ ಹಗ್ಗ ಹಿಡಿದು ತೂಗುತ್ತ ಕೂರುತ್ತಿದ್ದರು.

ಜೈಲಿನಿಂದ ಬಂದ ಅಡಿವೆಪ್ಪ ಆ ಹಗ್ಗವನ್ನು ಅಜ್ಜನವರ ಕೈಯಿಂದ ಇಸಿದುಕೊಂಡ. ಕಸಬರಿಗೆಯನ್ನು ಯಾರಿಗೂ ಬಿಡದ ಅಜ್ಜನವರು ಹಗ್ಗವನ್ನು ಮಾತಿಲ್ಲದೆ ಕೊಟ್ಟರು. ಅವನು ಮುದುಕನಾಗುವವರೆಗೂ ಅಲ್ಲೇ ಇದ್ದ. ಯಾವುದಾದರೂ ಕೂಸು ಬಹಳ ಹೊತ್ತು ಸದ್ದಿಲ್ಲದೆ ಮಲಗಿದರೆ ಅವನಿಗೆ ತಡೆಯುತ್ತಿರಲಿಲ್ಲ. ಹೋಗಿ ಅದರ ಮೂಗಿನ ಬಳಿ ಬೆರಳು ಹಿಡಿದು ನೋಡಿ ಬರುತ್ತಿದ್ದ. ಹೊಸದಾಗಿ ಬಂದ ತಾಯಂದಿರು, "ಬಾಳ ಅಳತೈತ್ರಿ ಇದು, ನಿಮಗ ತ್ರಾಸ ಆಕ್ಕೈತಿ" ಎಂದು ನಾಚಿಕೊಂಡರೆ ಅವನು ಕೂಸಿಗೆ ಎರಡೂ ಕೈ ಚಾಚುತ್ತಿದ್ದ.

"ಅಳಲಿ ಬಿಡವ್ವ" ಅನ್ನುತ್ತಿದ್ದ.